ಶನಿವಾರ ಐದರೊಳಗೆ ಲಿಖಿತಾಳನ್ನು ಬಿಟ್ಟುಕೊಡಬೇಕೆ?

ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ನಿವೃತ್ತಳಾದ ಮರುವರ್ಷವೇ ನಾನು ಸೋಮವಾರಪೇಟೆಯ ಒಂದು ಮಹಿಳಾ ಹಾಕಿ ತಂಡದ ಕೋಚ್ ಆದೆ. ಕೊಡಗಿನ ಎಂಟು ತಂಡಗಳ ಲೀಗ್ ಅದು. ಎಲ್ಲಕ್ಕಿಂತ ಕಿರಿಯರ ತಂಡ ನಮ್ಮದು; ಕ್ಯಾಪ್ಟನ್ ರಶ್ಮಿಗೇ ಇಪ್ಪತ್ತೊಂದು ವರ್ಷ. ಮೊದಲ ವರ್ಷ ಆಡಿ ಕಲಿತರೆ ಸಾಕು ಎಂದುಕೊಂಡಿದ್ದೆವು. ನಾಲ್ಕು ಪಂದ್ಯ ಮುಗಿದಾಗ ನೋಡಿದರೆ ನಾವು ಮೂರನೇ ಸ್ಥಾನದಲ್ಲಿ! ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಹುಡುಗಿಯರ ಕಾಲು ನೆಲದ ಮೇಲಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನದೂ ಇರಲಿಲ್ಲ.

ಒಂದೇ ಕೊರತೆ ನಮ್ಮನ್ನು ಕಾಡುತ್ತಿತ್ತು. ಎದುರಾಳಿ ಗೋಲಿನ ಮುಂದಿನ ಅರ್ಧವೃತ್ತಕ್ಕೆ ಡಿ ಎನ್ನುತ್ತಾರೆ. ಅಲ್ಲಿ ಅವರು ತಪ್ಪು ಮಾಡಿದರೆ ನಮಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲು ಹೊಡೆಯಲು ಸಿಗುವ ದೊಡ್ಡ ಅವಕಾಶ. ಅದು ನಮಗೆ ಪ್ರತಿ ಪಂದ್ಯದಲ್ಲೂ ಸಿಗುತ್ತಿತ್ತು. ಗೋಲು ಮಾತ್ರ ಆಗುತ್ತಿರಲಿಲ್ಲ.

ಆ ಲೀಗಿನಲ್ಲಿ ಇನ್ನೊಂದು ನಿಯಮವಿತ್ತು. ನಾಲ್ಕನೇ ಪಂದ್ಯದ ನಂತರದ ಶನಿವಾರ ಸಂಜೆ ಐದರವರೆಗೆ ತಂಡಗಳು ಆಟಗಾರ್ತಿಯರನ್ನು ಅದಲುಬದಲು ಮಾಡಿಕೊಳ್ಳಬಹುದು. ಫಾರಂ ಮೇಲೆ ಮ್ಯಾನೇಜರ್ ಜೊತೆ ಕೋಚ್ ಸಹಿಯೂ ಬೇಕು.

ಶುಕ್ರವಾರ ನಮ್ಮ ಮ್ಯಾನೇಜರ್ ಉತ್ತಪ್ಪ ತಮ್ಮ ಎಸ್ಟೇಟಿನಿಂದ ಜೀಪಿನಲ್ಲಿ ಹಾರಿಕೊಂಡೇ ಬಂದರು. ಕೊನೆಯ ಸ್ಥಾನದಲ್ಲಿದ್ದ ವಿರಾಜಪೇಟೆ ತಂಡ ದೇಚಮ್ಮನನ್ನು ಬಿಟ್ಟುಕೊಡಲು ಸಿದ್ಧವಿತ್ತು. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ನಲ್ಲಿ ಆಕೆಯನ್ನು ಮೀರಿಸುವವರು ಲೀಗಿನಲ್ಲಿ ಇರಲಿಲ್ಲ. ಮುಂದಿನ ವರ್ಷಕ್ಕೆ ಎಳೆಯರ ತಂಡ ಕಟ್ಟಬೇಕೆಂದು ವಿರಾಜಪೇಟೆಯವರು ಬದಲಿಗೆ ಕೇಳಿದ್ದು ಮೈದಾನದ ನಡುವೆ ನಿಂತು ಆಡಿಸುವ ನಮ್ಮ ಸೆಂಟರ್ ಹಾಫ್ ಲಿಖಿತಾಳನ್ನು. ಸಂಪಾಜೆಯ ಹುಡುಗಿ, ಹತ್ತೊಂಬತ್ತು ವರ್ಷ, ಸೋಮವಾರಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದಳು.

“ಮೇಡಂ, ಒಂದು ಸಹಿ ಹಾಕಿ. ಕಪ್ ನಮ್ಮದೇ,” ಎಂದರು ಉತ್ತಪ್ಪ.

ನಾನೂ ಮನಸ್ಸಿನಲ್ಲಿ ಒಪ್ಪಿಯೇಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ ಪ್ರಾಕ್ಟೀಸ್ ಮುಗಿದ ಮೇಲೆ ಲಿಖಿತಾಳನ್ನು ಕರೆದೆ. ಕೇಳಲು ಅಲ್ಲ, ತಿಳಿಸಲು. ಅವಳು ಸ್ಟಿಕ್ಕಿನ ಹಿಡಿಗೆ ಸುತ್ತಿದ್ದ ಟೇಪನ್ನು ಬಿಚ್ಚುತ್ತ ಕೇಳಿಸಿಕೊಂಡಳು. ಕಣ್ಣು ತುಂಬಿದ್ದು ಕಾಣದಿರಲೆಂದು ಮುಖ ಎತ್ತಲಿಲ್ಲ.

“ತಂಡ ಗೆಲ್ತದೆ ಅಂತಾದ್ರೆ ಹೋಗ್ತೇನೆ ಮೇಡಂ,” ಎಂದಳು. ಬಿಚ್ಚಿದ ಟೇಪನ್ನು ಉಂಡೆ ಮಾಡುತ್ತ, “ಆದ್ರೆ ದೇಚಮ್ಮಕ್ಕನಿಗೆ ಹೊಡೀಲಿಕ್ಕೆ ಕಾರ್ನರ್ ಸಿಗ್ಬೇಕಲ್ಲ? ಡಿ ಒಳಗೆ ಚೆಂಡು ಕೊಡುವವರು ಯಾರು?”

ಮನೆಗೆ ಹೋಗಿ ಪಂದ್ಯದ ನೋಟ್‌ಬುಕ್ ತೆರೆದೆ. ಹಿಂದಿನ ಪಂದ್ಯದಲ್ಲಿ ಸಿಕ್ಕ ಐದು ಕಾರ್ನರ್‌ಗಳಲ್ಲಿ ನಾಲ್ಕು ಲಿಖಿತಾಳ ಪಾಸ್‌ನಿಂದ ಹುಟ್ಟಿದ್ದವು. ನನ್ನದೇ ಕೈಬರಹ; ಬರೆದಿದ್ದೆ, ಓದಿರಲಿಲ್ಲ.

ಸಹಿ ಹಾಕುವುದಿಲ್ಲ ಎಂದು ಫೋನ್ ಮಾಡಿದೆ. ಉತ್ತಪ್ಪನವರಿಗೆ ಸಿಟ್ಟು ತಡೆಯಲಾಗಲಿಲ್ಲ. “ನೀವಿನ್ನೂ ಟೀಚರಾಗಿಯೇ ಉಳಿದಿರಿ ಮೇಡಂ. ಇದು ಶಾಲೆ ಅಲ್ಲ!” ಎಂದು ಫೋನ್ ಇಟ್ಟರು. ಐದಕ್ಕೆ ಹತ್ತು ನಿಮಿಷ ಇರುವಾಗ ಸುದ್ದಿ ಬಂತು: ದೇಚಮ್ಮ ಮೂರ್ನಾಡು ತಂಡಕ್ಕೆ ಹೋದಳು. ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡಕ್ಕೇ!

ಉಳಿದ ಮೂರು ಪಂದ್ಯಗಳಲ್ಲಿ ಎರಡು ಸೋತೆವು. ಹೇಗೋ ನಾಲ್ಕನೇ ಸ್ಥಾನ ಉಳಿಯಿತು. ಸೆಮಿಫೈನಲ್ ಯಾರ ಜೊತೆ? ಮೂರ್ನಾಡಿನ ಜೊತೆಯೇ.

ಇದ್ದ ಹತ್ತು ದಿನ ಬೆಳಿಗ್ಗೆ ಆರಕ್ಕೇ ಟರ್ಫಿಗೆ ಇಳಿದೆವು. ಕಲಿತದ್ದು ಒಂದೇ ಉಪಾಯ. ರಶ್ಮಿ ಗೋಲಿನ ಗೆರೆಯಿಂದ ಡಿ ಹೊರಗೆ ನಿಂತ ಲಿಖಿತಾಳಿಗೆ ಚೆಂಡು ತಳ್ಳಬೇಕು, ಲಿಖಿತಾ ಹೊಡೆಯುವವಳಂತೆ ಸ್ಟಿಕ್ ಎತ್ತಬೇಕು, ಎದುರಾಳಿಗಳು ಅವಳತ್ತ ನುಗ್ಗಿದಾಗ ಚೆಂಡನ್ನು ಮೆಲ್ಲಗೆ ರಶ್ಮಿಗೇ ಹಿಂದಿರುಗಿಸಬೇಕು.

ಸೆಮಿಫೈನಲ್‌ನಲ್ಲಿ ದೇಚಮ್ಮನ ಎರಡು ಫ್ಲಿಕ್, ಎರಡು ಗೋಲು. ನಮ್ಮ ಗೋಲ್‌ಕೀಪರಿಗೆ ಚೆಂಡು ಕಂಡಿತೋ ಇಲ್ಲವೋ! ಗ್ಯಾಲರಿಯಿಂದ ಉತ್ತಪ್ಪ ನನ್ನನ್ನೇ ನೋಡುತ್ತಿದ್ದರು. ಆದರೆ ಹುಡುಗಿಯರು ತಲೆ ತಗ್ಗಿಸಲಿಲ್ಲ. ಲಿಖಿತಾಳ ಪಾಸ್‌ನಿಂದ ಒಂದು ಗೋಲು, ಗೋಲ್‌ಮುಂದಿನ ನೂಕುನುಗ್ಗಲಿನಲ್ಲಿ ಇನ್ನೊಂದು. ಎರಡು–ಎರಡು. ಕೊನೆಯ ನಿಮಿಷದಲ್ಲಿ ನಮಗೆ ಕಾರ್ನರ್!

ರಶ್ಮಿ ತಳ್ಳಿದಳು. ಲಿಖಿತಾ ಸ್ಟಿಕ್ ಎತ್ತಿದಳು. ದೇಚಮ್ಮ ಮೊದಲಾಗಿ ಎಲ್ಲರೂ ಅವಳ ಮೇಲೆರಗಿದರು. ಚೆಂಡು ಅವರ ಪಕ್ಕದಿಂದ ಜಾರಿ ರಶ್ಮಿಯ ಸ್ಟಿಕ್ ಸೇರಿತು. ಟಕ್! ಗೋಲಿನ ಹಲಗೆಗೆ ಚೆಂಡು ಬಡಿದ ಸದ್ದು ಕೇಳಿದಾಗ ನಾನು ವಿಸಿಲ್ ಎಸೆದು ಮೈದಾನದೊಳಗೆ ಓಡಿದ್ದೆ. ಅರವತ್ತು ದಾಟಿದ ಮಂಡಿ ಅಂದು ನೋಯಲೇ ಇಲ್ಲ. ದೇಚಮ್ಮ ತಾನೇ ಬಂದು ಲಿಖಿತಾಳ ಬೆನ್ನು ತಟ್ಟಿದಳು.

ಫೈನಲ್‌ನಲ್ಲಿ ಎರಡು ಗೋಲಿನಿಂದ ಸೋತೆವು. ದೇಚಮ್ಮ ನಮ್ಮಲ್ಲಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಉತ್ತಪ್ಪ ಈಗಲೂ ವಾದಿಸುತ್ತಾರೆ. ಇದ್ದರೂ ಇರಬಹುದು, ನಾನು ಜಗಳವಾಡುವುದಿಲ್ಲ. ಸಹಿ ಹಾಕದ್ದು ಸರಿಯೋ ತಪ್ಪೋ ಎಂಬುದಕ್ಕಿಂತ ನನಗೆ ಉಳಿದ ಪಾಠ ಬೇರೆ. ಮೂವತ್ತು ವರ್ಷ ಮಕ್ಕಳನ್ನು ಆಡಿಸಿದವಳು ನಾನು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನಾನೇ ಹೇಳುತ್ತಿದ್ದೆ, ಅವರು ನಿಲ್ಲುತ್ತಿದ್ದರು. ಆಟಗಾರ್ತಿಯ ಬಗ್ಗೆ ತೀರ್ಮಾನ ಮಾಡುವ ಮೊದಲು ಅವಳನ್ನೇ ಕೂರಿಸಿಕೊಂಡು ಮಾತು ಕೇಳಬೇಕೆಂಬುದನ್ನು ನಾನು ಕಲಿತದ್ದು ನಿವೃತ್ತಿಯಾದ ಮೇಲೆ.