ನಲವತ್ತು ಅಡಿಯ ಕಂಬ, ಅಪ್ಪನ ಇಂಗ್ಲಿಷು

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಮೂಡಲಗಿಯ ಮನೆಗಳ ಮೇಲೆ ಎತ್ತರಕ್ಕೆ ನಿಂತದ್ದೇನಾದರೂ ಇದ್ದರೆ ಅದು ಟಿವಿಯ ಆಂಟೆನಾ. ಮೀನಿನ ಮುಳ್ಳಿನಂಥ ಆ ಕಡ್ಡಿಗಳ ಮೇಲೆ ಕಾಗೆ ಕೂತರೆ ಚಿತ್ರ ಅಲುಗುತ್ತಿತ್ತು. ಯಾರಾದರೂ ಮಾಳಿಗೆ ಹತ್ತಿ "ಈಗ ಬಂತೇನ?" ಎಂದು ಕೂಗಿದರೆ ಕೆಳಗಿನಿಂದ ಇಡೀ ಮನೆ "ಹೋತು, ಹೋತು, ಹಿಂದಕ ತಿರುವು" ಎಂದು ಉತ್ತರ ಕೊಡುತ್ತಿತ್ತು. ಮೊಬೈಲಿನ ಟವರು ಇನ್ನೂ ನಮ್ಮ ಊರು ಕಂಡಿರಲಿಲ್ಲ. ಅಂಥ ದಿನಗಳಲ್ಲಿ ನಮ್ಮ ಮನೆಯ ಮೇಲೆ ನಲವತ್ತು ಅಡಿಯ ಕಂಬ ಎದ್ದಿತು. ಓಣಿಯವರು ಎಷ್ಟು ಹೊತ್ತು ತಲೆಯೆತ್ತಿ ನಿಂತಿರಬೇಕು, ನೀವೇ ಎಣಿಸಿಕೊಳ್ಳಿ.

ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಮನೆಯ ಮುಂದಿನ ಖೋಲಿಯೇ ಅಂಗಡಿ. ಕಬ್ಬಿಗೆ ನೀರು ಹಾಯಿಸುವ ಪಂಪ್‌ಸೆಟ್ಟು ಸುಟ್ಟರೆ ಸುತ್ತಲಿನ ಹಳ್ಳಿಯವರು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಅಪ್ಪ ಹಳೆಯ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಶು ಕುಡಿಸಿ, ಬಲ್ಬಿನ ಶಾಖಕ್ಕೆ ಒಣಗಿಸುತ್ತಿದ್ದ. ಚಳಿಗಾಲದಲ್ಲಿ ಊರ ಹೊರಗಿನ ಗಾಣಗಳಿಂದ ಬೆಲ್ಲ ಕಾಯುವ ವಾಸನೆ ಬಂದು ಆ ವಾರ್ನಿಶಿನ ಘಾಟಿನೊಡನೆ ಬೆರೆಯುತ್ತಿತ್ತು. ನನ್ನ ಬಟ್ಟೆ, ಪಾಟಿಚೀಲ, ಕೊನೆಗೆ ಬುತ್ತಿಯೊಳಗಿನ ಶೇಂಗಾ ಚಟ್ನಿ ಸಹ ಅದೇ ವಾಸನೆ ಹೊಡೆಯುತ್ತಿದ್ದವು. ಸಾಲಿಯಲ್ಲಿ ನನ್ನನ್ನು 'ಮೋಟರ್ ಶೈಲಾ' ಎನ್ನುತ್ತಿದ್ದರು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಕಣಗಲಾದಿಂದ ಒಂದು ಕೆಲಸ ಬಂತು. ರೈಲ್ವೆಯಲ್ಲಿ ಸ್ಟೇಶನ್ ಮಾಸ್ತರಾಗಿ ನಿವೃತ್ತರಾದ ಕಾಂಬಳೆ ಸರ್ ಎಂಬವರ ಬಾವಿಯ ಮೋಟರು ಕೆಟ್ಟಿತ್ತು. ರವಿವಾರವಾದ್ದರಿಂದ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಮೋಟರು ಬಿಚ್ಚುತ್ತಿದ್ದವನು ಒಮ್ಮೆ ತಲೆಯೆತ್ತಿದ, ಹಾಗೇ ನಿಂತುಬಿಟ್ಟ. ಬೇವಿನ ಮರದಿಂದ ತೆಂಗಿನ ಮರಕ್ಕೆ ಒಂದು ತಾಮ್ರದ ತಂತಿ ಎಳೆದಿತ್ತು. ಅದರ ನಡುವಿನಿಂದ ಒಂದು ಕೇಬಲ್ಲು ಇಳಿದು ಕಿಟಕಿಯೊಳಗೆ ಹೋಗಿತ್ತು.

"ಸರ್, ಈ ತಂತಿ ಎರಡೂ ತುದಿಗೆ ಎಲ್ಲೂ ಕೂಡಿಲ್ಲಲ್ರಿ. ಮತ್ತ ಕರೆಂಟ್ ಎಲ್ಲಿಗೆ ಹೋಗತೈತಿ?" ಎಂದ ಅಪ್ಪ.

ಕಾಂಬಳೆ ಸರ್ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. "ಇದನ್ನ ಯಾರಾದ್ರೂ ಕೇಳ್ತಾರೇನಂತ ಇಷ್ಟ ವರ್ಷ ಕಾಯಾಕತ್ತಿದ್ದೆ ನೋಡ್ರಿ. ಎಲ್ಲಾರೂ ಅರಿವಿ ಒಣಗಹಾಕೋ ತಂತಿ ಅಂತ ತಿಳ್ಕೋತಾರ. ಒಳಗ ಬರ್ರಿ."

ಒಳಗೆ ಬಿಸ್ಕೀಟಿನ ಡಬ್ಬಿಯಲ್ಲಿ ಅವರೇ ಕಟ್ಟಿದ ಹ್ಯಾಮ್ ರೇಡಿಯೊ ಇತ್ತು, ಕೇಳುವುದಷ್ಟೇ ಅಲ್ಲ, ಮಾತಾಡಲೂ ಬರುವಂಥದು; ಹೊರಗಿನ ತಂತಿಯೇ ಅದರ ಆಂಟೆನಾ. ಅವರು ಮೈಕಿನ ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ಏನೋ ಕರೆದರು, ಗುಂಡಿ ಬಿಟ್ಟರು. ಜೀರ್ ಎನ್ನುವ ಸದ್ದಿನ ಒಳಗಿಂದ ಒಬ್ಬ ಮನುಷ್ಯ ಎದ್ದುಬಂದ. ಸೊಲ್ಲಾಪುರದಲ್ಲಿ ಕೂತಿದ್ದನಂತೆ. ಅಲ್ಲಿ ಚಳಿ ಇದೆಯಂತೆ, ಅವನ ಆಕಳು ಕರು ಹಾಕಿದೆಯಂತೆ.

"ಅವರು ನಿಮ್ಮ ಗುರ್ತಿನವರೇನ್ರಿ?" ಎಂದು ಕೇಳಿದೆ.

"ಇಲ್ಲ ತಂಗಿ, ಈಗ ಆತ ಗುರ್ತು" ಎಂದು ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿ, "ನೌಕರಿ ಮಾಡೂಮುಂದ ಹೊಸ ಊರಿಗೆ ಹೋದ್ರ ಮಂದಿ ಮೊದಲ ಅಡ್ಡಹೆಸರ ಕೇಳ್ತಿದ್ರು, ಜಾತಿ ತಿಳ್ಕೊಳ್ಳಾಕ. ಇಲ್ಲಿ ಹಂಗಿಲ್ಲ. ಹೆಸರ ಏನ, ಊರ ಯಾವುದ, ನನ್ನ ದನಿ ಹೆಂಗ ಕೇಳಸ್ತೈತಿ, ಇಷ್ಟ ಕೇಳ್ತಾರ" ಎಂದರು. ಆ ದಿನ ಅವರ ಮನೆಯಲ್ಲೇ ನಾವಿಬ್ಬರೂ ರೊಟ್ಟಿ ಉಂಡೆವು.

ಅಪ್ಪನಿಗೆ ಹುಚ್ಚು ಹಿಡಿಯಿತು. ಇಂಥ ರೇಡಿಯೊದಲ್ಲಿ ಮಾತಾಡಲು ಸರಕಾರದ ಪರೀಕ್ಷೆ ಪಾಸಾಗಿ ಲೈಸನ್ಸ್ ತೆಗೆದುಕೊಳ್ಳಬೇಕು, ಹನ್ನೆರಡು ತುಂಬಿದ ಯಾರಾದರೂ ಬರೆಯಬಹುದು ಎಂದು ಸರ್ ಹೇಳಿದ್ದರು. ನನಗೆ ಹನ್ನೆರಡು ತುಂಬಿತ್ತು. "ಇಬ್ಬರೂ ಬರೆಯೂಣು" ಎಂದ ಅಪ್ಪ. ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು. ಅಷ್ಟರಲ್ಲಿ ಆಂಟೆನಾದ ತಂತಿ ಕಟ್ಟಲು ಕಂಬ ಎಬ್ಬಿಸಿಬಿಡೋಣ ಎಂಬುದು ಅವನ ಆತುರ.

ಬೋರ್‌ವೆಲ್ಲಿನಿಂದ ತೆಗೆದ ಹಳೆಯ ಪೈಪುಗಳು ಅಂಗಡಿಯ ಹಿಂದೆ ಬಿದ್ದಿದ್ದವು. ದಪ್ಪನೆಯದರೊಳಗೆ ತೆಳ್ಳನೆಯದನ್ನು ತೂರಿಸಿ, ಬೋಲ್ಟು ಬಿಗಿದು ಮೂರನ್ನು ಒಂದು ಮಾಡಿದ. ಒಂದು ರವಿವಾರ ಓಣಿಯ ನಾಲ್ಕು ಮಂದಿ ಮಾಳಿಗೆ ಹತ್ತಿ ಎಳೆದರು. ಕಂಬ ಅರ್ಧ ಎದ್ದಿತ್ತು. ಕಂಬವನ್ನು ಬಿಗಿದು ಹಿಡಿಯುವ ಸ್ಟೇ ತಂತಿಗಳಲ್ಲಿ ಒಂದರ ಗೂಟ ಕಿತ್ತುಬಂತು. ಕಂಬ ಸಾವಕಾಶವಾಗಿ ಬಾಜೂ ಮನೆಯ ಗಂಗವ್ವ ಕಾಕಿಯ ದನದ ಕೊಟ್ಟಿಗೆಯ ತಗಡಿನ ಮೇಲೆ ಒರಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಸಪ್ಪಳಕ್ಕೆ ಕಾಕಿಯ ಎಮ್ಮೆ ಹಗ್ಗ ಹರಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಓಡಿತು.

"ಮಲ್ಲಪ್ಪಾ, ನಿನ್ನ ಮನಿ ಮ್ಯಾಲೆ ಏನರ ಕಟ್ಕೊ. ನನ್ನ ಎಮ್ಮಿ ಮೂರ ದಿನಾ ಹಾಲ ಕೊಡೂದಿಲ್ಲ ಈಗ!" ಕಾಕಿ ಸೊಂಟಕ್ಕೆ ಕೈಯಿಟ್ಟು ಒದರಿದಳು. "ಇಷ್ಟ ಎತ್ತರ ಕಬ್ಬಿಣ ನಿಂದರಿಸಿದ್ರ ಸಿಡ್ಲ ಯಾರ ಮ್ಯಾಲೆ ಬೀಳತೈತಿ?"

ಸಿಡಿಲಿನ ಮಾತು ನ್ಯಾಯದ ಮಾತೇ ಆಗಿತ್ತು. ಅಪ್ಪ ತಗಡು ರಿಪೇರಿ ಮಾಡಿಕೊಟ್ಟ. ಸಿಡಿಲು ಬಿದ್ದರೆ ನೆಲಕ್ಕಿಳಿಯಲೆಂದು ದಪ್ಪ ತಾಮ್ರದ ಪಟ್ಟಿಯನ್ನು ಕಂಬದಿಂದ ಇಳಿಸಿ, ಹಿತ್ತಲಲ್ಲಿ ಆಳಕ್ಕೆ ತಗ್ಗು ತೋಡಿ, ಇದ್ದಿಲು ಉಪ್ಪು ಹಾಕಿ ಹುಗಿದ. ಕಾಕಿಯನ್ನು ಕರೆದು ತೋರಿಸಿದ. ಆದರೂ ಒಂದು ಕಷ್ಟವಿತ್ತು. ಗಟ್ಟಿಯಾದ ಆಸರೆಯೆಂದರೆ ಕಾಕಿಯ ಹುಣಸೆಮರವೇ. ಅದಕ್ಕೆ ಸ್ಟೇ ಕಟ್ಟದೆ ಕಂಬ ನಿಲ್ಲುತ್ತಿರಲಿಲ್ಲ. ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಅವ್ವ ಶೇಂಗಾ ಹೋಳಿಗೆ ಮಾಡಿ ಸೆರಗಿನಲ್ಲಿ ಮುಚ್ಚಿಕೊಂಡು ಆ ಮನೆಗೆ ಹೋದಳು. ಒಂದು ತಾಸು ಬಿಟ್ಟು ಬಂದವಳು, "ಎಮ್ಮಿ ಹೊಲಕ್ಕ ಹೋದ ಮ್ಯಾಲ ಎಬ್ಬಸಬೇಕಂತ. ಮತ್ತ ಕಟ್ಟೂ ಮುಂದ ಮರಕ್ಕ ಗೋಣಿಪಾಟ ಸುತ್ತಬೇಕಂತ" ಎಂದಳು. ಹಾಗೆಯೇ ಮಾಡಿದೆವು. ಎರಡನೆಯ ಸಲ ಕಾಂಬಳೆ ಸರ್ ಕೆಳಗೆ ನಿಂತು ಸೀಟಿ ಊದುತ್ತ ಒಂದೊಂದೇ ಹಗ್ಗ ಎಳೆಸಿದರು. ಕಂಬ ನೆಟ್ಟಗೆ ಎದ್ದು ನಿಂತಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ಗಂಗವ್ವ ಕಾಕಿ.

ಆಂಟೆನಾದ ತಂತಿ ಮತ್ತು ಕೇಬಲ್ಲು ಕೂಡುವಲ್ಲಿ ಒಂದು ಸುರುಳಿ ಬೇಕಾಗಿತ್ತು. ಹಳೆಯ ಟಿವಿಯಿಂದ ಬಿಚ್ಚಿದ ಕರಿ ಉಂಗುರದ ಮೇಲೆ ಅಪ್ಪ ಅದನ್ನು ಎಷ್ಟು ಒಪ್ಪವಾಗಿ ಸುತ್ತಿದನೆಂದರೆ, ಕಾಂಬಳೆ ಸರ್ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಮಲ್ಲಪ್ಪ, ಇದನ್ನ ನನಗ ಸುತ್ತಾಕ ಬರೂದಿಲ್ಲ" ಎಂದರು.

ಓದು ಮಾತ್ರ ಕಠಿಣವಾಯಿತು. ಸರ್ ಕೊಟ್ಟ ಝೆರಾಕ್ಸ್ ಪುಸ್ತಕ ಪೂರಾ ಇಂಗ್ಲಿಷಿನಲ್ಲಿತ್ತು. ಅಪ್ಪ ಕಲಿತದ್ದು ಏಳನೆಯ ಇಯತ್ತೆ, ಅದೂ ಕನ್ನಡ ಸಾಲಿ. ನಾನೂ ಅದೇ ಸಾಲಿಯವಳು, ಆದರೆ ಡಿಕ್ಶನರಿ ನೋಡಲು ಕಲಿತಿದ್ದೆ. ಗೆಳತಿಯರು ಹೊರಗೆ ಕುಂಟಲಪಿ ಆಡುತ್ತಿದ್ದರೆ ನಾನು ಅಂಗಡಿಯಲ್ಲಿ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಅರ್ಥ ಅಪ್ಪ ಹೇಳುತ್ತಿದ್ದ. 'ರೆಸೊನನ್ಸ್' ಎಂಬ ಶಬ್ದ ಬಂದಾಗ ಡಿಕ್ಶನರಿಯಲ್ಲಿದ್ದುದು ನನಗೆ ಎಳ್ಳಷ್ಟೂ ತಿಳಿಯಲಿಲ್ಲ. ಅಪ್ಪ ಎರಡು ಸ್ಟೀಲ್ ಗಂಗಾಳ ತಂದು ಒಂದನ್ನು ಬಡಿದ. ಬಾಜೂಕಿನದೂ ಸಣ್ಣಗೆ ಗುಂಯ್ಗುಟ್ಟಿತು.

"ಇದ, ಯವ್ವಾ. ಒಂದ ಹಾಡಿದ್ರ ಇನ್ನೊಂದು ತಾನ ಹಾಡತೈತಿ."

ಹೀಗೆ ಅವನಿಗೆ ಗೊತ್ತಿದ್ದ ಅರ್ಧಕ್ಕೆ ನನ್ನ ಅರ್ಧ ಸೇರಿ ಪುಸ್ತಕ ಮುಗಿಯಿತು.

ಪರೀಕ್ಷೆ ಬೆಳಗಾವಿಯಲ್ಲಿ ನಡೆಯಿತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಉಗುರುಸಂದಿಯ ವಾರ್ನಿಶು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಒಂದೇ ಹಾಲಿನಲ್ಲಿ ಎರಡು ಬೆಂಚು ಆಚೆ ಈಚೆ ಕೂತೆವು. ನನಗೆ ಎಲ್ಲ ಶಬ್ದಗಳೂ ಗುರುತು ಸಿಕ್ಕವು. ಒಮ್ಮೆ ಅವನ ಕಡೆ ನೋಡಿದೆ. ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟುಕೊಂಡು, ಸಣ್ಣ ಹುಡುಗರ ಹಾಗೆ ತುಟಿ ಅಲುಗಿಸುತ್ತ ಓದುತ್ತಿದ್ದ. ಬೆರಳು ಇನ್ನೂ ಮೊದಲ ಪುಟದಲ್ಲೇ ಇತ್ತು.

ಫಲಿತಾಂಶದ ಎರಡು ಪತ್ರ ಒಟ್ಟಿಗೇ ಬಂದವು. ನಾನು ಪಾಸಾಗಿದ್ದೆ. ಅಪ್ಪ ಆಗಿರಲಿಲ್ಲ.

ಅವನು ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಕರದಂಟು ತಂದು ಓಣಿಗೆಲ್ಲ ಹಂಚಿ, "ನಮ್ಮ ಶೈಲಾ ಸರಕಾರದ ಪರೀಕ್ಷಾ ಪಾಸ್ ಆಗ್ಯಾಳ" ಎಂದು ಮನೆಮನೆಗೂ ಹೇಳಿದ. ಆದರೆ ಮರುದಿನದಿಂದ ಮಾಳಿಗೆ ಹತ್ತುವುದನ್ನು ಬಿಟ್ಟ. ಮುಂಜಾನೆ ಎದ್ದೊಡನೆ ಸ್ಟೇ ತಂತಿಗಳನ್ನು ಬೆರಳಿನಿಂದ ಮಿಡಿದು ನೋಡುವುದು ಅವನ ರೂಢಿಯಾಗಿತ್ತು. ಅದನ್ನೂ ಬಿಟ್ಟ. ಒಂದು ವಾರವಾದ ಮೇಲೆ ಅವ್ವ ರೊಟ್ಟಿ ಬಡಿಯುತ್ತ, "ನಿಮ್ಮಪ್ಪಗ ನಿನ್ನ ಮುಂದ ಸೋತದ್ದು ಕೆಟ್ಟ ಅನಸಿಲ್ಲ. ಕೈಯಿಂದ ಮಾಡಿದ್ದನ್ನ ಬಾಯಿಂದ ಹೇಳಾಕ ಬರಲಿಲ್ಲಲ್ಲ, ಅದು ಚುಚ್ಚೇತಿ" ಎಂದಳು.

ನನ್ನ ಲೈಸನ್ಸ್ ಬಂದ ಮೇಲೆ ಕಾಂಬಳೆ ಸರ್ ಒಂದು ರೇಡಿಯೊ ಕಟ್ಟಿಕೊಟ್ಟರು. ನಾನು ಅದನ್ನು ಮುಟ್ಟಲಿಲ್ಲ. ಅಪ್ಪ ಬಂದು ಕೇಳಿದ.

"ಯಾಕ ಯವ್ವಾ, ಮಾತಾಡವಲ್ಲಿ?"

"ನೀ ಬಾಜೂಕ ಕುಂತ್ರ ಮಾತಾಡ್ತೇನಿ. ಇಲ್ಲಂದ್ರ ಒಲ್ಲೆ. ನನಗ ಅರ್ಧ ಅಷ್ಟ ಗೊತ್ತೈತಿ."

ಅಪ್ಪ ಸ್ಟೂಲು ಎಳೆದುಕೊಂಡು ಕೂತ.

ನಾನು ಮೈಕು ಹಿಡಿದು ಕರೆದೆ. ಕಾಂಬಳೆ ಸರ್ ಕಣಗಲಾದಿಂದ ಉತ್ತರ ಕೊಟ್ಟರು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ನಡುವೆ ಒಂದು ಅಪರಿಚಿತ ದನಿ ಬಂತು. ಕೇರಳದ ಒಬ್ಬ ಮುದುಕರು. ನಿನ್ನ ದನಿ ಇಷ್ಟು ಸ್ವಚ್ಛವಾಗಿ ಬರುತ್ತಿದೆಯಲ್ಲ ಮಗು, ಆಂಟೆನಾದ ಸುರುಳಿ ಹೇಗೆ ಸುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅಪ್ಪನ ಮುಖ ನೋಡಿದೆ. ಲೈಸನ್ಸ್ ಇಲ್ಲದವರು ಮೈಕಿನಲ್ಲಿ ಮಾತಾಡುವಂತಿಲ್ಲ. ಅಪ್ಪ ಕನ್ನಡದಲ್ಲಿ ಹೇಳಿದ, ನಾನು ಗುಂಡಿ ಒತ್ತಿ ನನ್ನ ಮುರುಕು ಇಂಗ್ಲಿಷಿನಲ್ಲಿ ದಾಟಿಸಿದೆ. ಎಷ್ಟು ಸುತ್ತು, ತಂತಿ ಯಾವ ದಪ್ಪದ್ದು, ಎರಡು ತಂತಿ ಜೋಡಿಯಾಗಿ ಯಾಕೆ ಹೋಗಬೇಕು. ಅವರು ಎಲ್ಲ ಬರೆದುಕೊಂಡರು. "ನಿನ್ನ ಎಂಜಿನಿಯರನಿಗೆ ನನ್ನ ನಮಸ್ಕಾರ ಹೇಳು" ಎಂದರು. ಅದನ್ನು ನಾನು ಕನ್ನಡಕ್ಕೆ ತರಬೇಕಾಗಿರಲಿಲ್ಲ. ಅಪ್ಪನಿಗೆ ತಾನಾಗಿಯೇ ತಿಳಿದಿತ್ತು. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಅದರ ಮರುದಿನ ಅಂಗಡಿಯ ಬಾಗಿಲಿನ ಒಳಮೈಗೆ ಬಿಳಿ ಬಣ್ಣ ಬಂತು. ಅದರ ಮೇಲೆ ಅಪ್ಪ ದಿನಕ್ಕೆ ಐದು ಇಂಗ್ಲಿಷ್ ಶಬ್ದ ಬರೆಯತೊಡಗಿದ. ಗಿರಾಕಿಗಳ ಮುಂದೆಯೇ ಗಟ್ಟಿಯಾಗಿ ಓದುತ್ತಿದ್ದ. ಮೇಲವಂಕಿಯಿಂದ ಮೋಟರು ತಂದ ರೈತರೊಬ್ಬರು "ಏನ್ ಮಲ್ಲಪ್ಪ, ಈ ವಯಸ್ಸಿನ್ಯಾಗ ಸಾಲಿ ಹಚ್ಚೀದಿ?" ಎಂದರೆ, "ಹೌದ್ರಿ, ಬಾಯಿ ರಿವೈಂಡ್ ಮಾಡಾಕತ್ತೇನಿ" ಎನ್ನುತ್ತಿದ್ದ. ಎರಡನೆಯ ಪ್ರಯತ್ನದಲ್ಲೂ ಸ್ವಲ್ಪದರಲ್ಲಿ ತಪ್ಪಿತು. ಮೂರನೆಯದರಲ್ಲಿ ಪಾಸಾದ.

ಅವನ ಲೈಸನ್ಸ್ ಕೈಗೆ ಬಂದ ವಾರ ನಾನು ಬೇಕೆಂದೇ ಕಣಗಲಾಕ್ಕೆ ಹೋಗಿ ಕಾಂಬಳೆ ಸರ್ ಅವರ ರೇಡಿಯೊದ ಮುಂದೆ ಕೂತೆ. ಹತ್ತು ಗಂಟೆಗೆ ಸರಿಯಾಗಿ ಮೂಡಲಗಿಯಿಂದ ದನಿ ಬಂತು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದ ಅಪ್ಪ, ಸರ್ ಕಲಿಸಿದ ರೀತಿ ರಿವಾಜಿನಂತೆ ಪೂರಾ ಗಂಭೀರವಾಗಿ, "ನಮಸ್ಕಾರ್ರಿ. ನನ್ನ ಹೆಸರ ಮಲ್ಲಪ್ಪ. ನಿಮ್ಮ ದನಿ ಭಾಳ ಚಲೋ ಕೇಳಸಾಕತ್ತೈತ್ರಿ. ನನ್ನ ದನಿ ನಿಮಗ ಹೆಂಗ ಕೇಳಸ್ತೈತ್ರಿ?" ಎಂದ.

ಗುಂಡಿ ಒತ್ತಿದೆ. ಕಾಂಬಳೆ ಸರ್ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಸ್ವಚ್ಛ ಕೇಳಸ್ತೈತ್ರಿ, ಅಪ್ಪಾರ" ಎಂದೆ.

ಈಗ ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮಾಳಿಗೆಯ ಮೇಲೂ ಒಂದು ತಂತಿ ಇದೆ. ಕಾಂಬಳೆ ಸರ್ ತೀರಿಕೊಂಡು ಆರು ವರ್ಷವಾಯಿತು. ಅವರ ದನಿ ಬರುತ್ತಿದ್ದ ಜಾಗದಲ್ಲಿ ರೇಡಿಯೊದ ಮುಳ್ಳು ತಿರುಗಿಸುವ ನನ್ನ ಕೈ ಇಂದಿಗೂ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ. ಅವರ ನಂತರ ಕಳೆದುಹೋದ ಇನ್ನೊಂದು ದೊಡ್ಡ ಸಂಗತಿಯೆಂದರೆ ಗಾಳಿಯ ಮೌನ. ಆಗ ಗಾಳಿ ಎಷ್ಟು ನಿರ್ಮಲವಾಗಿತ್ತೆಂದರೆ ಸಾವಿರ ಮೈಲಿ ಆಚೆಯ ಪಿಸುಮಾತು ಸಹ ನಮ್ಮ ತಂತಿಗೆ ಬಂದು ತಗಲುತ್ತಿತ್ತು. ಈಗ ಮನೆಮನೆಯ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳೆಲ್ಲ ಸೇರಿ ರೇಡಿಯೊದಲ್ಲಿ ಜೇನುಹುಟ್ಟಿನಂತೆ ಗುಂಯ್ಗುಡುತ್ತವೆ. ದೂರದ ದನಿಗಳು ಅದರಡಿಯಲ್ಲಿ ಮುಳುಗಿಬಿಡುತ್ತವೆ. ಕರೆದು, ಉತ್ತರ ಬರುವುದೋ ಇಲ್ಲವೋ ತಿಳಿಯದೆ ಉಸಿರು ಬಿಗಿಹಿಡಿದು ಕೂರುವ ಆ ಅರ್ಧ ನಿಮಿಷವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಗೆ ಕೊಡಲಿ ಎಂದು ಯೋಚಿಸುತ್ತೇನೆ.

ಆದರೆ ಅಪ್ಪ ಬೇರೊಂದು ದಾರಿ ಕಂಡುಕೊಂಡಿದ್ದಾನೆ. ಮೂಡಲಗಿಯಲ್ಲಿ ಕರೆಂಟು ಹೋದೊಡನೆ ಆ ಗುಂಯ್ ಸದ್ದೂ ನಿಲ್ಲುತ್ತದೆ. ಓಣಿಯೆಲ್ಲ ಬೈಯುತ್ತ ಹೊರಗೆ ಬರುತ್ತದೆ, ಎಪ್ಪತ್ತರ ಹತ್ತಿರದ ಅವನು ಮಾತ್ರ ಬ್ಯಾಟರಿ ಹಚ್ಚಿಕೊಂಡು ರೇಡಿಯೊದ ಮುಂದೆ ಹೋಗಿ ಕೂರುತ್ತಾನೆ. ಹೋದ ರವಿವಾರ ಮುಂಜಾನೆಯೂ ಹಾಗೇ ಆಯಿತು. ನಾನು ಗೋಕಾಕದಲ್ಲಿ ಕೇಳುತ್ತ ಕೂತಿದ್ದೆ. ಬೆಲ್ಲದ ಬಾಗೇವಾಡಿಯಿಂದ ಯಾರೋ ಹೊಸಬರು ಅಳುಕುತ್ತ ಗುಂಡಿ ಒತ್ತಿ ಬಿಟ್ಟ ಸದ್ದು ಕೇಳಿತು. ಅಪ್ಪನ ದನಿ ಎದ್ದಿತು.

"ಅಂಜಬ್ಯಾಡ್ರಿ. ನಮ್ಮಲ್ಲಿ ಕರೆಂಟ್ ಹೋಗೇತಿ, ಭಾಳ ಚಲೋ ಕೇಳಸಾಕತ್ತೈತಿ. ನಿಧಾನಕ್ಕ ಹೇಳ್ರಿ, ನಾ ಇಲ್ಲೇ ಅದೇನಿ."