ಹಲ್ಲು ಮುರಿದ ಬಾಚಣಿಗೆ

ಕ್ಲಿನಿಕ್ಕಿನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದೆ. ಜೂನಿಗೆ ನನ್ನ ನಿವೃತ್ತಿ. ದುಬೈಯ ಮಿರ್ದಿಫಿನ ಈ ಶಾಲೆಗೆ ಹೊಸ ನರ್ಸ್ ಬರುತ್ತಾಳೆ. ಅವಳಿಗೆ ನನ್ನ ಸಂಸಾರವನ್ನೆಲ್ಲ ಬಿಟ್ಟುಹೋಗುವುದು ಸರಿಯಲ್ಲ. ಮುಚ್ಚಳವಿಲ್ಲದ ಪೆನ್ನು, ಒಣಗಿದ ಮುಲಾಮು, ಯಾರದೋ ಹಾಲುಹಲ್ಲಿನ ಪೊಟ್ಟಣ, ಎಲ್ಲದರ ಅಡಿಯಲ್ಲಿ ಒಂದು ಬಾಚಣಿಗೆ ಸಿಕ್ಕಿತು. ಅರ್ಧ ಹಲ್ಲು ಉದುರಿಹೋಗಿದೆ. ನಿಮ್ಮ ಹಾಗೆಯೇ ಎಂದು ನೀವು ನಗುವುದಾದರೆ ನಗಿ. ಮೂಗಿಗೆ ಹಿಡಿದೆ. ತೆಂಗಿನೆಣ್ಣೆಯ ವಾಸನೆ, ಅದರ ಹಿಂದೆಯೇ, ಆಫ್ರಿಕಾದ ಒಂದು ಮರದ ಬೀಜದಿಂದ ತೆಗೆಯುವ ಬೆಣ್ಣೆಯ ವಾಸನೆ, ಹುರಿದ ನೆಲಗಡಲೆಯಂತೆ. ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ.

ಶಾಲೆಯ ನರ್ಸಿಗೆ ಹೊಟ್ಟೆನೋವಿನ ಜಾತಿಗಳು ಗೊತ್ತಿರಬೇಕು. ಗಣಿತ ಪರೀಕ್ಷೆಯ ಹೊಟ್ಟೆನೋವು ಬೇರೆ, ಗೆಳತಿ ಮಾತು ಬಿಟ್ಟ ಹೊಟ್ಟೆನೋವು ಬೇರೆ. ಎರಡಕ್ಕೂ ನನ್ನ ಮದ್ದು ಒಂದೇ, ಜೀರಿಗೆ ನೀರು. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಕಥೆ ಹೊರಗೆ ಬೀಳುತ್ತಿತ್ತು. ಉಳಿದರ್ಧವನ್ನು ಆಟದ ಬೆಲ್ಲು ವಾಸಿ ಮಾಡುತ್ತಿತ್ತು. ಅಬೆನಾಳದ್ದು ಮಾತ್ರ ಯಾವ ಜಾತಿಗೂ ಸೇರದ ಹೊಟ್ಟೆನೋವು.

ಘಾನಾ ದೇಶದ ಹುಡುಗಿ, ಆಗ ಒಂಬತ್ತನೇ ತರಗತಿ. ಬೆಳಿಗ್ಗೆ ಬಂದು ಮಂಚದ ತುದಿಯಲ್ಲಿ ಕೂತು ಗೋಡೆ ನೋಡುವಳು. ಊಟದ ಡಬ್ಬಿ ತೆರೆಯದೇ ಮನೆಗೆ ಹೋಗುತ್ತಿತ್ತು. ನಮ್ಮ ಶಾಲೆಯ ಕೌನ್ಸೆಲರ್ ಸಫಿಯಾ, ಪುತ್ತೂರು ಕಡೆಯ ಬ್ಯಾರಿ ಹುಡುಗಿ, ತನ್ನ ಚೆಂದದ ಕೋಣೆಯಲ್ಲಿ ಎದುರುಬದುರು ಕುರ್ಚಿ ಹಾಕಿ ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ.

"ಸಿಸ್ಟರೇ, ಎಂತ ಮಾಡುದು ಹೇಳಿ. ಏನು ಕೇಳಿದ್ರೂ 'ಐ ಆಮ್ ಫೈನ್ ಮಿಸ್' ಅಂತಾಳೆ. ಫೈನ್ ಆದವರ ಕಣ್ಣು ಹೀಗೆ ಇರ್ತದಾ ಮಾರಾಯ್ರೆ?"

ಹೋಟೆಲಿನ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುವ ತಾಯಿ ಅಕೋಸುವಾಗೂ ಮಗಳು ಬಾಯಿ ಬಿಟ್ಟಿರಲಿಲ್ಲ. ಹೀಗೇ ಆದರೆ ಟರ್ಮ್ ಮುಗಿದೊಡನೆ ಅಕ್ರಾದಲ್ಲಿರುವ ಅಜ್ಜಿಯ ಬಳಿಗೆ ಕಳಿಸಿಬಿಡುತ್ತೇನೆ ಎಂದು ಆಕೆ ನನ್ನ ಕ್ಲಿನಿಕ್ಕಿನಲ್ಲೇ ಅತ್ತಳು. ಅಬೆನಾ ಹೋಗಲೊಲ್ಲೆ ಎನ್ನಲಿಲ್ಲ, ಹೋಗುತ್ತೇನೆ ಎಂದೂ ಅನ್ನಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಹೊರಡುವ ಮೊದಲು ಅಕೋಸುವಾ, "ಶನಿವಾರ ಮನೆಗೆ ಬನ್ನಿ, ನಾವು ಜಡೆ ಹಾಕುತ್ತೇವೆ," ಎಂದಳು.

ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಅವರ ಫ್ಲ್ಯಾಟಿಗೆ ನಾನೂ ಸಫಿಯಾಳೂ ಹೋದೆವು. ನಾವು ಮಂಗಳೂರಿನವರು ಬರಿಗೈಯಲ್ಲಿ ಹೋಗುವವರೇ? ಬಾಳೆಕಾಯಿ ಚಿಪ್ಸು, ಜೊತೆಗೆ ಊರಿನ ಗಾಣದ ತೆಂಗಿನೆಣ್ಣೆ. ಒಳಗೆ ಚಾಪೆ ಹಾಸಿತ್ತು. ಸೋಫಾದ ಮೇಲೆ ತಾಯಂದಿರು, ಅವರ ಮೊಣಕಾಲುಗಳ ನಡುವೆ ನೆಲದ ಮೇಲೆ ಹೆಣ್ಣುಮಕ್ಕಳು, ಎಲ್ಲರ ಮುಖವೂ ಗೋಡೆಗೆ. ಸಣ್ಣ ಸಣ್ಣ ಜಡೆಗಳು. ಮುಗಿಯಲು ಅರ್ಧ ದಿನ ಬೇಕು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹುಡುಗಿಯರು ಏನೋ ಹೇಳುವರು, ಹೆಣೆಯುವವರು "ಹೂಂ" ಎನ್ನುವರು, ಬೆರಳು ಮಾತ್ರ ನಿಲ್ಲುವುದಿಲ್ಲ. ನನಗೆ ನಮ್ಮಮ್ಮ ನೆನಪಾದಳು. ಭಾನುವಾರ ಚರ್ಚಿನ ಪೂಜೆಗೆ ಮೊದಲು ಮೆಟ್ಟಿಲ ಮೇಲೆ ಕೂರಿಸಿ ಜಡೆ ಹಾಕುವಾಗ, ಬೆನ್ನು ತಿರುಗಿಸಿಕೊಂಡೇ ನಾನು ಎಷ್ಟು ಗುಟ್ಟುಗಳನ್ನು ಹೇಳಿಬಿಟ್ಟಿದ್ದೆ!

ಹುಮ್ಮಸ್ಸು ಬಂತು ನೋಡಿ. "ಅಬೆನಾಳ ತಲೆ ನಾನು ಬಾಚುತ್ತೇನೆ," ಎಂದು ಕೂತುಬಿಟ್ಟೆ. ನಮ್ಮೂರ ಪದ್ಧತಿಯಂತೆ ಅಂಗೈ ತುಂಬ ಎಣ್ಣೆ ಸುರಿದು, ಪರ್ಸಿನಲ್ಲಿದ್ದ ಬಾಚಣಿಗೆಯನ್ನು ಬುಡಕ್ಕೆ ಹಾಕಿ ಎಳೆದೆ. ಅವರ ಕೂದಲನ್ನು ತುದಿಯಿಂದ ಬಿಡಿಸುತ್ತ ಮೇಲೆ ಬರಬೇಕಂತೆ, ನನಗೇನು ಗೊತ್ತು? ಟಕ್! ಹಲ್ಲುಗಳು ಹಾರಿ ಒಂದು ಅಕೋಸುವಾಳ ಚಹಾ ಕಪ್ಪಿಗೆ ಬಿತ್ತು. ಅಬೆನಾ ನಕ್ಕಳು. ನಕ್ಕೂ ನಕ್ಕೂ ಅತ್ತಳು. ಅಳುತ್ತಲೇ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ, ಹೇಳಿದಳು.

ತರಗತಿಯಲ್ಲಿ ಕೇಳದೆಯೇ ಕೂದಲು ಮುಟ್ಟುತ್ತಾರೆ. ಪಾತ್ರೆ ತೊಳೆಯುವ ಸ್ಪಂಜು ಎನ್ನುತ್ತಾರೆ. ಲೈಟ್ ಆರಿಸಿದರೆ ಇವಳು ಕಾಣುವುದಿಲ್ಲ ಎಂದು ನಗುತ್ತಾರೆ. ಕ್ಲಾಸ್ ಫೋಟೋದ ದಿನ ಟೀಚರೊಬ್ಬರು, ತಲೆ ನೀಟಾಗಿ ಮಾಡಿಕೊಂಡು ಬಾ, ಇಲ್ಲವಾದರೆ ಹಿಂದಿನ ಸಾಲಿಗೆ ಹೋಗು ಎಂದರು. "ದಿನಾ ಬೆಳಿಗ್ಗೆ ಬಸ್ಸು ಬರುವುದೇ ಬೇಡ ಅನ್ನಿಸುತ್ತದೆ. ಒಮ್ಮೊಮ್ಮೆ, ಬೆಳಿಗ್ಗೆಯೇ ಬೇಡ ಅನ್ನಿಸುತ್ತದೆ."

ಅಕೋಸುವಾ "ಹೂಂ" ಎಂದಳು. ಕಣ್ಣೀರು ಸುರಿಯುತ್ತಿತ್ತು, ಆದರೂ ನನ್ನನ್ನು ಮೆಲ್ಲನೆ ಸರಿಸಿ ಮಗಳ ತಲೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಬಣ್ಣದ ವಿಷಯದಲ್ಲಿ ನಾವೇನು ಸಾಚಾಗಳಲ್ಲ. 'ಹುಡುಗಿ ಒಳ್ಳೆಯವಳು, ಬಣ್ಣ ಮಾತ್ರ ಸ್ವಲ್ಪ ಕಮ್ಮಿ' ಎಂಬ ಮಾತನ್ನು ನಾನು ಎಷ್ಟು ಮದುವೆಯ ಊಟಗಳಲ್ಲಿ ಕೇಳಿಲ್ಲ! ಲೈಟಿನ ಆ ಜೋಕು ಮಾಡಿದ ಮಕ್ಕಳಲ್ಲಿ ನಮ್ಮ ಕಡೆಯವರೂ ಇದ್ದರು.

ಹಿಂದಿರುಗುವಾಗ ಕಾರಿನಲ್ಲಿ ಸಫಿಯಾ, "ನನ್ನ ಕುರ್ಚಿ ಖಲಾಸ್ ಸಿಸ್ಟರೇ. ಚಾಪೆ ಹಾಕುದೇ," ಎಂದಳು.

ಹಾಗೇ ಮಾಡಿದಳು ಪುಣ್ಯಾತ್ಗಿತ್ತಿ. ಮೊದಲು ಅಬೆನಾಳನ್ನೂ ತಾಯಿಯನ್ನೂ ಒಳ್ಳೆಯ ಡಾಕ್ಟರ ಬಳಿಗೆ ಕರೆದೊಯ್ದಳು. ಬೆಳಿಗ್ಗೆಯೇ ಬೇಡ ಎನ್ನುವ ಮಾತಿಗೆ ಜಡೆಯೊಂದೇ ಮದ್ದಲ್ಲ. ನಂತರ ಪ್ರಿನ್ಸಿಪಾಲರ ಮುಂದೆ ಕೂತು ಫೋಟೋದ ವಿಷಯ ಇತ್ಯರ್ಥ ಮಾಡಿದಳು. ಟೀಚರುಗಳನ್ನು ಕೂರಿಸಿ ಮಾತಾಡಿದಳು. ಪ್ರತಿ ಬುಧವಾರ ಶಾಲೆ ಬಿಟ್ಟ ಮೇಲೆ ತನ್ನ ಕೋಣೆಯಲ್ಲಿ ಚಾಪೆ ಹಾಸಿದಳು. ಅಕೋಸುವಾ ತನ್ನ ವಾರದ ರಜೆಯನ್ನೇ ಬುಧವಾರಕ್ಕೆ ಬದಲಾಯಿಸಿಕೊಂಡಳು. ಸುಡಾನಿನ, ಕೀನ್ಯಾದ, ನೈಜೀರಿಯಾದ ಹುಡುಗಿಯರು ಬಂದರು. ಸಫಿಯಾ ತಾನೂ ಜಡೆ ಹೆಣೆಯಲು ಕಲಿತು, ಹೆಣೆಯುತ್ತ ಕೇಳಿಸಿಕೊಂಡಳು. ಅಬೆನಾ ಒಂದೇ ಸಲಕ್ಕೆ ಸರಿಯಾಗಲಿಲ್ಲ, ಮಧ್ಯೆ ಕೆಟ್ಟ ವಾರಗಳೂ ಬಂದವು. ಆದರೆ ಅಕ್ರಾಕ್ಕೆ ಹೋಗಲಿಲ್ಲ. ಒಂದು ದಿನ ಅವಳ ಡಬ್ಬಿ ಖಾಲಿಯಾಗಿ ಮನೆಗೆ ಹೋಯಿತು ಎಂದು ಅಕೋಸುವಾ ಫೋನು ಮಾಡಿದಾಗ ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಆ ತಾಯಿಗೆ, ಆ ಚಾಪೆಗೆ, ಸಫಿಯಾಳಿಗೆ ನಾನು ಋಣಿ.

"ಅದನ್ನು ಬಿಸಾಡುತ್ತೀರಾ ಆಂಟಿ?"

ತಲೆಯೆತ್ತಿದರೆ ಬಾಗಿಲಲ್ಲಿ ಅವಳೇ. ಈಗ ಹನ್ನೆರಡನೇ ತರಗತಿ, ನನಗಿಂತ ಗೇಣುದ್ದ ಎತ್ತರ. ಬಾಚಣಿಗೆ ನೋಡಿ ಮತ್ತೆ ನಕ್ಕಳು. ಸ್ಟೂಲನ್ನು ಎಳೆದು ಗೋಡೆಯ ಕಡೆಗೆ ತಿರುಗಿಸಿದಳು.

"ಕೂತುಕೊಳ್ಳಿ."

"ಜಡೆ ಹಾಕುವಷ್ಟು ಕೂದಲು ನನಗೆಲ್ಲಿದೆ ಮಗೂ?"

"ಇದ್ದಷ್ಟಕ್ಕೆ ಹಾಕುತ್ತೇನೆ."

ಕೂತೆ. ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರ. ಬೆರಳುಗಳು ನನ್ನ ನರೆಗೂದಲನ್ನು ತುದಿಯಿಂದ ಮೆಲ್ಲನೆ ಬಿಡಿಸತೊಡಗಿದವು. ಅವಳು ಏನೂ ಕೇಳಲಿಲ್ಲ. ಸ್ಟಾಫ್‌ರೂಮಿನಲ್ಲಿ, ಚರ್ಚಿನಲ್ಲಿ, ಕೇಳಿದವರಿಗೆಲ್ಲ 'ಊರಿಗೆ ಹೋಗುವುದು ಖುಷಿಯೇ' ಎಂದು ಹೇಳಿಕೊಂಡು ಬಂದವಳು ನಾನು. ಐ ಆಮ್ ಫೈನ್ ಎನ್ನಲು ನನಗೂ ಚೆನ್ನಾಗಿ ಬರುತ್ತದೆ.

"ನನಗೆ ಹೆದರಿಕೆಯಾಗುತ್ತಿದೆ," ಎಂದೆ. ಅದೂ ಕೊಂಕಣಿಯಲ್ಲಿ, ನಮ್ಮಮ್ಮನ ಮುಂದೆ ಹೇಳುತ್ತಿದ್ದ ಹಾಗೆ. ಅಬೆನಾಳಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ.

"ಹೂಂ," ಎಂದಳು. ಬೆರಳು ನಿಲ್ಲಿಸಲಿಲ್ಲ.