ಪಿಂಜಾರ ಮೌಲಾಅಲಿಯ ಪಿಟೀಲು

ಹುಕ್ಕೇರಿಯಲ್ಲಿ ಮೌಲಾಅಲಿ ಎಂಬೊಬ್ಬ ಪಿಂಜಾರನಿದ್ದ. ಊರೂರು ತಿರುಗಿ, ಬಿಲ್ಲು ಮೀಟಿ ಗಾದಿಯ ಹತ್ತಿ ಹಿಂಜುವುದು ಅವನ ಕಸಬು. ಹೆಂಡತಿ ಜರೀನಾಬಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಎರಡನೆಯ ಮದುವೆಯ ಮಾತೆತ್ತಿದವರಿಗೆಲ್ಲ "ನೋಡೋಣ ತಗೊಳ್ರಿ" ಅನ್ನುತ್ತ ಹತ್ತು ವರ್ಷ ಕಳೆದುಬಿಟ್ಟ.

ಮೂವತ್ತಾರನೆಯ ಇಸವಿಯಲ್ಲಿ ಗೋಕಾಕಕ್ಕೆ ಬಂದಿದ್ದ ನಾಟಕ ಕಂಪನಿಯೊಂದು ಮುರಿದುಬಿತ್ತು. ಅದರ ಮುದಿ ಪಿಟೀಲುಗಾರನಿಗೆ ಕೈ ನಡುಗುತ್ತಿತ್ತು. ಹಾಸಿಗೆ ಹಿಂಜಲು ಬಂದ ಮೌಲಾಅಲಿಯ ತೋಳನ್ನೇ ನೋಡುತ್ತ ಕೂತಿದ್ದವನು, "ಬಿಲ್ಲು ಹಿಡಿಯೋ ಕೈ ಐತಿ ನಿಂದು, ಕಲೀ" ಎಂದು ಪಿಟೀಲನ್ನು ಅವನ ಮಡಿಲಿಗಿಟ್ಟ. ಪಿಟೀಲಿನ ಕಮಾನು ಹಿಡಿಯುವುದನ್ನಷ್ಟೇ ತೋರಿಸಿ ತನ್ನೂರಿಗೆ ಹೋದ.

ಮನೆಯಲ್ಲಿ ಮೌಲಾಅಲಿ ತಿಕ್ಕಿದ್ದೇ ತಿಕ್ಕಿದ್ದು. ಒಂದು ದಿನ ಪಕ್ಕದ ಓಣಿಯ ಸಾತಪ್ಪ ಬಾಗಿಲಲ್ಲಿ ನಿಂತ. ಮುಂಬಯಿಯ ಗಿರಣಿ ಬಿಟ್ಟು ಬಂದವನು, ಗುಂಡಿ ಒತ್ತಿ ಬಾರಿಸುವ ಜಪಾನಿ ಬ್ಯಾಂಜೋ ತಂದಿದ್ದ.

"ಬೆಕ್ಕಿನ ಬಾಲಾ ತುಳದಿಯೇನೋ, ಮೌಲಾ?"

ಜರೀನಾಬಿ ಹೋದಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿತು. ಅಂದಿನಿಂದ ಐದು ವರ್ಷ ಸಾತಪ್ಪನ ಕಟ್ಟೆಯ ಮೇಲೆ ಇಬ್ಬರೂ ಕೂಡಿ ಬಾರಿಸಿದರು. ಬೀಸುವ ಪದ, ಸೋಬಾನ, ಮೊಹರಮ್ಮಿನ ಪದ, ಎಲ್ಲ ಹಳೆಯ ಧಾಟಿಗಳು. ಸಾತಪ್ಪ ಒಂದೊಂದೇ ಸಾಲು ಒತ್ತಿ ತೋರಿಸುವನು, ಮೌಲಾಅಲಿ ಕಮಾನಿನಲ್ಲಿ ಅದನ್ನು ಹಿಡಿಯುವನು; ನಡುನಡುವಿನ ಕೆಲವು ಸಾಲು ಮಾತ್ರ ಬ್ಯಾಂಜೋದ ಪಾಲು. ಒಳಗೆ ಜೋಳ ಹಸನು ಮಾಡುವ ಯಲ್ಲವ್ವ, ಸಾತಪ್ಪನ ಹೆಂಡತಿ, ಹೊರಗೆ ತಲೆ ಹಾಕುತ್ತಿರಲಿಲ್ಲ.

ನಲವತ್ತೆರಡರ ಮಳೆಗಾಲದಲ್ಲಿ ಸಾತಪ್ಪನಿಗೆ ಜ್ವರ ಬಂತು. ನಾಲ್ಕನೆಯ ದಿನ ಹೋಗಿಬಿಟ್ಟ. ಮೌಲಾಅಲಿ ಹೆಗಲು ಕೊಟ್ಟು ಬಂದವನು ಪಿಟೀಲನ್ನು ಗೂಟಕ್ಕೆ ನೇತುಹಾಕಿದ. ವರ್ಷದ ಮೇಲೆ, ಸುಮ್ಮನೆ ಕೂತು ಕೂತು ಸಾಕಾಗಿ, ಇಳಿಸಿ ಬಾರಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವ ಪದ. ಬ್ಯಾಂಜೋ ಬರುವ ಕಡೆಯೆಲ್ಲ ಅವನ ಕಮಾನು ರೂಢಿಯಂತೆ ನಿಂತುಬಿಡುತ್ತಿತ್ತು.

"ಅಲ್ಲಿ ಯಾಕ ನಿಲ್ತಿ?"

ನೀರಿಗೆ ಬಂದ ಯಲ್ಲವ್ವ ಕೊಡ ಹೊತ್ತು ಅವನ ಅಂಗಳದಲ್ಲಿ ನಿಂತಿದ್ದಳು.

"ಅದು ಅವನ ಪಾಲಿಂದಿತ್ತಲ್ಲ, ಯಕ್ಕಾ. ನನಗ ಬರೂದಿಲ್ಲ."

ಯಲ್ಲವ್ವ ಕೊಡ ಇಳಿಸಿ, ಸಣ್ಣ ದನಿಯಲ್ಲಿ ಆ ಸಾಲು ಹಾಡಿದಳು. ಮೌಲಾಅಲಿ ಬೆರಗಾದ.

"ಎಲ್ಲಾ ಕೇಳಿ ಕಲತಿಯೇನು?"

"ಕೇಳಿ ಕಲತದ್ದಲ್ಲೋ ತಮ್ಮಾ. ಅವಗ ಹೇಳಿಕೊಟ್ಟಾಕಿನ ನಾನು. ಹೆಂಗಸರ ಪದಾ ಮುಂಬಯಾಗ ಯಾರು ಕಲಿಸ್ತಾರ?"

ಐದು ವರ್ಷ ತಾನು ಯಾರ ಶಿಷ್ಯನಾಗಿದ್ದೆನೆಂದು ಮೌಲಾಅಲಿಗೆ ಆಗ ತಿಳಿಯಿತು. ಆಮೇಲೆ ನೀರಿಗೆ ಬಂದಾಗೊಮ್ಮೆ ಯಲ್ಲವ್ವ ಅಂಗಳದಲ್ಲಿ ನಿಂತು ಒಂದು ಸಾಲು ಹೇಳುವಳು, ತಪ್ಪಿದರೆ ಬೈಯುವಳು. ಬ್ಯಾಂಜೋದ ಜಾಗಗಳು ಒಂದೊಂದಾಗಿ ತುಂಬಿದವು. ಓಣಿಯ ಬಾಯಿ ಸುಮ್ಮನಿರಲಿಲ್ಲ. ಮಾತು ಅವಳ ತವರೂರು ಅಂಕಲಗಿಗೆ ಮುಟ್ಟಿ, ಯಲ್ಲವ್ವನ ಅಣ್ಣ ಲಕ್ಕಪ್ಪ ಅವಳನ್ನು ಕರೆದೊಯ್ಯಲು ಚಕ್ಕಡಿ ಕಟ್ಟಿಕೊಂಡು ಬಂದ. ಸಾಮಾನು ಹೇರುವಾಗ ಮೌಲಾಅಲಿ ದೂರದಲ್ಲಿ ನಿಂತಿದ್ದ. ಕಳಿಸುವ ಪದದ ಕೊನೆಯ ನುಡಿ ಇನ್ನೂ ಕಲಿಯುವುದಿತ್ತು. ಕೇಳಲಿಲ್ಲ. ಯಲ್ಲವ್ವ ಸೆರಗು ಮುಂದಕ್ಕೆಳೆದುಕೊಂಡು ಚಕ್ಕಡಿ ಏರಿ ಕೂತಳು.

ಸುಗ್ಗಿ ಮುಗಿದ ಮೇಲೆ ಮೌಲಾಅಲಿ ಬಿಲ್ಲು ಹೆಗಲಿಗೇರಿಸಿ ಅಂಕಲಗಿಗೆ ನಡೆದ. ಗಾದಿ ಹಿಂಜಲು ಲಕ್ಕಪ್ಪನ ಮನೆಯವರೇ ಕರೆದರು. ಅವನ ಗುರುತು ಅವರಿಗಿರಲಿಲ್ಲ. ಅಂಗಳದಲ್ಲಿ ಹತ್ತಿ ಹರವಿ ಬಿಲ್ಲು ಮೀಟತೊಡಗಿದ. ಸ್ವಲ್ಪ ಹೊತ್ತಿಗೆ ಒಳಗೆ ಬೀಸುವ ಕಲ್ಲು ತಿರುಗಿತು, ಹಿಂದೆಯೇ ಹಾಡು. ಕಳಿಸುವ ಪದ. ಕೊನೆಯ ನುಡಿ ಬಂದಾಗ ದನಿ ಎತ್ತರಕ್ಕೇರಿತು. ಮುಗಿಸಿ, ಮತ್ತೆ ಅದನ್ನೇ ಹಾಡಿದಳು. ಮೂರನೆಯ ಸಲವೂ.

"ಯಾಕಬೇ ಯಲ್ಲವ್ವಾ, ಅದನ್ನ ಹಿಡದಿ?" ಎಂದಳು ಅತ್ತಿಗೆ.

"ಮರತ ಹೋಗಬಾರದಂತ."

ಹತ್ತಿಯ ಧೂಳಿನಲ್ಲಿ ಮೌಲಾಅಲಿ ತಲೆ ಎತ್ತಲಿಲ್ಲ. ಕೆಲಸ ಮುಗಿಸಿ, ಬಿಲ್ಲು ಹೆಗಲಿಗೇರಿಸಿ ಹೊರಟ; ಯಲ್ಲವ್ವ ಬಾಗಿಲಿಗೆ ಬರಲಿಲ್ಲ. ದಾರಿಯುದ್ದಕ್ಕೂ ಆ ಧಾಟಿಯನ್ನು ಗುನುಗುತ್ತ ಹುಕ್ಕೇರಿ ಮುಟ್ಟಿದ. ಬಾಗಿಲು ತೆರೆದಿಟ್ಟು, ಪದವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಬಾರಿಸಿದ. ಅಂಗಳದಲ್ಲಿ ನಿಂತು ಸರಿ, ತಪ್ಪು ಅನ್ನುವವರು ಯಾರೂ ಇರಲಿಲ್ಲ.